ಕಾಂಗ್ರೆಸ್ ಗಿಡ: ಕೊಯ್ಯಬೇಡಿರಿ, ಬೇರುಸಹಿತ ಕೀಳಿರಿ

ಮುಂಗಾರಿನ ಮಳೆ ಬಿದ್ದು ಪಕ್ಷ ಕಳೆಯುವುದರೊಳಗಾಗಿ ನಮ್ಮ ಕೆಸರೆ ಬಡಾವಣೆಯ ಖಾಲಿ ನಿವೇಶನಗಳಲ್ಲಿಯೂ ಚರಂಡಿಗಳ ಅಂಚಿನಲ್ಲಿಯೂ ನೆಲಕ್ಕಂಟಿಕೊಂಡು ವೃತ್ತಾಕಾರವಾಗಿ ಹರಡುವ, ಕ್ಯಾರೆಟ್ಟಿನ ಸೊಪ್ಪಿನಂತೆ ಸೀಳುಸೀಳಾದ ಎಲೆಗಳ ಸಸಿಯೇ ಪಾರ್ಥೇನಿಯಂ, ಅಂದರೆ ನಮ್ಮ ಕಾಂಗ್ರೆಸ್ ಗಿಡ. ಅಮೆರಿಕದ ಉಷ್ಣಪ್ರದೇಶಗಳಿಂದ ಬಂದು 1950ರ ದಶಕದಲ್ಲಿ ಪುಣೆಯಲ್ಲಿ ಜನರ ಗಮನಕ್ಕೆ ಬಿದ್ದ ಇದನ್ನು ತಿಂದು ಹಾಕಲೆಂದು 1984ರಲ್ಲಿ ಮೆಕ್ಸಿಕೋದ ಜೀರುಂಡೆಯನ್ನು ಬೆಂಗಳೂರಿನಲ್ಲಿ ಬಿಟ್ಟರಾದರೂ, ನಮ್ಮ ಬೀದಿಗಳನ್ನು ಅದೊಂದೇ ಶುದ್ಧಗೊಳಿಸಲಾರದು.

ನಿರ್ಮೂಲನಕ್ಕೆ ಹೊರಟ ಸಜ್ಜನರು ಬಹುಮಟ್ಟಿಗೆ ಒಂದೇ ತಪ್ಪನ್ನು ಮಾಡುತ್ತಾರೆ. ನಿವೇಶನವೆಲ್ಲ ಹೂವಿನಿಂದ ಬೆಳ್ಳಗಾಗುವವರೆಗೆ ಸುಮ್ಮನಿದ್ದು, ಅನಂತರ ಕುಡುಗೋಲು ಹಿಡಿದು ಸೊಂಟದೆತ್ತರದ ಗಿಡಗಳನ್ನು ಕೊಯ್ದು ಮೂಲೆಯಲ್ಲಿ ರಾಶಿ ಹಾಕುತ್ತಾರೆ. ಕೊಯ್ದ ಬುಡ ಮರಳಿ ಕವಲೊಡೆದು ಗೇಣೆತ್ತರದಲ್ಲಿಯೇ ಹೂ ಬಿಡುತ್ತದೆ. ರಾಶಿಯಲ್ಲಿ ಬಲಿತ ಹೂಗಳ ಬೀಜ ಗಾಳಿಗೂ ಮಳೆನೀರಿಗೂ ಸಿಕ್ಕಿ ನೆರೆಯ ನಿವೇಶನಕ್ಕೆ ಸಾಗುತ್ತದೆ. ಪುಷ್ಟವಾದ ಒಂದೊಂದು ಗಿಡ ಸಾವಿರಾರು ಬೀಜಗಳನ್ನು ಕೊಡಬಲ್ಲುದು; ಅವು ಮಣ್ಣಿನಲ್ಲಿ ವರ್ಷಗಟ್ಟಲೆ ಜೀವ ಹಿಡಿದಿರಬಲ್ಲವು. ಆದುದರಿಂದ ಕುಡುಗೋಲನ್ನು ಮನೆಯಲ್ಲಿಟ್ಟು, ಹೂ ಬರುವುದಕ್ಕೆ ಮುಂಚೆ, ಮಳೆಯಿಂದ ನೆಲ ಮೆತ್ತಗಾಗಿರುವಾಗ, ಬುಡವನ್ನು ಹಿಡಿದು ತಾಯಿಬೇರುಸಹಿತ ಎಳೆಯತಕ್ಕದ್ದು. ಬೇರು ನಡುವೆ ತುಂಡಾದರೆ ಗುದ್ದಲಿಯಿಂದ ಬಗೆದು ತೆಗೆಯಿರಿ.

ಕೈಗವಸು, ತುಂಬುತೋಳಿನ ಅಂಗಿ ಇಲ್ಲದೆ ಇದನ್ನು ಮುಟ್ಟಬಾರದು. ಚರ್ಮದ ತುರಿಕೆ, ಉಬ್ಬಸ ಇರುವವರು ದೂರವೇ ಇರಲಿ. ಹೂ ಬಾರದ ಗಿಡಗಳನ್ನು ಸಗಣಿಯೊಡನೆ ಗೊಬ್ಬರದ ಗುಂಡಿಗೆ ಹಾಕಬಹುದು. ಹೂ ಬಂದವನ್ನು ಎಂದಿಗೂ ಹಾಕದೆ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಬಿಸಿಲಿಗಿಡಿರಿ. ಉಪ್ಪುನೀರು ಸಿಂಪಡಿಸುವ ಸಲಹೆ ಪ್ರಚಾರದಲ್ಲಿದೆ. ಆದರೆ ಮುಂದೆ ಅಲ್ಲಿಯೇ ಬೇರೆ ಗಿಡ ಬೆಳೆಸಬೇಕೆನ್ನುವವರು ಮಣ್ಣನ್ನು ಉಪ್ಪಾಗಿಸುವುದು ನನಗೆ ಸಮ್ಮತವಲ್ಲ.

ಕೀಳುವ ಭರದಲ್ಲಿ ತುಂಬೆಯನ್ನೂ ಕಿತ್ತೆಸೆಯುವವರಿದ್ದಾರೆ. ಅದರ ಹೂವೂ ಬಿಳಿಯದೇ. ಆದರೆ ಅದರ ಎಲೆ ಸೀಳಿಲ್ಲದೆ ಕಿರಿದಾಗಿರುತ್ತದೆ, ಹೂಗಳು ಕಾಂಡದ ಗಿಣ್ಣುಗಳ ಸುತ್ತ ಗೊಂಚಲಾಗಿರುತ್ತವೆ. ಅದು ನಮ್ಮದೇ ನೆಲದ ಸಸ್ಯ, ಇರಲಿ.

ಬರಿದಾದ ನೆಲವನ್ನು ಹಾಗೆಯೇ ಬಿಟ್ಟರೆ ಮುಂದಿನ ಮಳೆಗೆ ಕಾಂಗ್ರೆಸ್ ಗಿಡವೇ ಮತ್ತೆ ಬರುವುದು. ಆದುದರಿಂದ ಅಲ್ಲಿ ತಂಗಡಿಯನ್ನು ಬೆಳೆಸಿರಿ; ಅದರ ಬೀಜದ ಸಿಪ್ಪೆ ಗಡುಸಾದುದರಿಂದ ಮರಳಿನಲ್ಲಿ ಉಜ್ಜಿ, ಒಂದು ರಾತ್ರಿ ನೀರಿನಲ್ಲಿ ನೆನೆಸಿ, ಕಿತ್ತ ವಾರದೊಳಗೇ ಬಿತ್ತಿರಿ. ಅಂಚಿಗೆ ಲಕ್ಕಿಯ ಕಡ್ಡಿ, ನೆರಳಿಗೊಂದು ಹೊಂಗೆ ಸಾಕು. ನಿವೇಶನ ನಿಮ್ಮದಲ್ಲವಾದರೆ ಮಾಲೀಕರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ. ಮರುವರ್ಷವೂ ಮೊಳೆತ ಸಸಿಗಳನ್ನು ಕೀಳಲು ಬರಲೇಬೇಕಾಗುತ್ತದೆ.