ಮಣ್ಣುಹಾದಿಯ ಸೈಕಲ್ ಸವಾರಿ

ಕಣ್ವ ಜಲಾಶಯದ ಕಡೆಯ ನಮ್ಮ ಹಳ್ಳಿಯಿಂದ ಚನ್ನಪಟ್ಟಣದ ಡಾಂಬರು ರಸ್ತೆ ಸೇರಲು ಮೂರು ಕಿಲೋಮೀಟರು ಮಣ್ಣುಹಾದಿ. ಅಪ್ಪ ರೇಷ್ಮೆಗೂಡು ಮಾರಿ ಕೊಡಿಸಿದ ಸೈಕಲ್ಲಿನಲ್ಲಿ ಮೂರು ವರ್ಷ ಅದನ್ನು ತುಳಿದಿದ್ದೇನೆ. ಅದು ಕಲಿಸಿದ ಪಾಠವನ್ನು ಸಹಪಾಠಿಗಳ ಮುಂದಿಡುತ್ತೇನೆ.

1888ರಲ್ಲಿ ಬೆಲ್‌ಫಾಸ್ಟಿನ ಪಶುವೈದ್ಯ ಡನ್‌ಲಪ್ ತನ್ನ ಮಗನ ಮೂರು ಚಕ್ರದ ಸೈಕಲ್ಲಿಗೆ ಗಾಳಿ ತುಂಬಿದ ಟೈರು ಅಳವಡಿಸಿದನು. ಗಾಳಿಯ ಟೈರು ಕಲ್ಲಿನ ಮೇಲೆ ತಾನೇ ತಗ್ಗಿ ಪೆಟ್ಟನ್ನು ನುಂಗುತ್ತದೆ. ಆದುದರಿಂದ ಮಣ್ಣುಹಾದಿಯಲ್ಲಿ ಗಾಳಿ ತುಸು ಕಡಿಮೆಯಿರಬೇಕು. ತೀರ ಕಡಿಮೆಯಾದರೆ ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬು ಸಿಕ್ಕಿ ತೂತಾಗುತ್ತದೆ.

ಉಬ್ಬುತಗ್ಗಿನಲ್ಲಿ ಸೀಟಿನಿಂದ ಕೊಂಚ ಮೇಲೆದ್ದು ಮೊಣಕಾಲು, ಮೊಣಕೈಗಳನ್ನು ಸಡಿಲ ಬಿಡಬೇಕು. ಮರಳಿನಲ್ಲಿ ಮುಂದಿನ ಬ್ರೇಕು ಒತ್ತಬಾರದು. ಹ್ಯಾಂಡಲನ್ನು ತಟ್ಟನೆ ತಿರುಗಿಸಬಾರದು. ಗಾಡಿಯ ಜಾಡನ್ನು ಓರೆಯಾಗಿ ದಾಟಿದರೆ ಚಕ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ನೇರ ಅಡ್ಡಲಾಗಿ ದಾಟಬೇಕು.

ಈ ಕಡೆಯ ಮಾತನ್ನು ನಾನರಿತದ್ದು ಮೊದಲ ವರ್ಷದ ಪರೀಕ್ಷೆಯ ದಿನ. ಟ್ರ್ಯಾಕ್ಟರಿನ ಜಾಡಿನಲ್ಲಿ ಬಿದ್ದು, ಮೊಣಕೈ ತರಚಿಕೊಂಡು, ಇಪ್ಪತ್ತು ನಿಮಿಷ ತಡವಾಗಿ ಪರೀಕ್ಷೆಗೆ ಕುಳಿತೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲಿಗ. ಎಲ್ಲಿ ಎಲ್ಲವೂ ಮುಗಿಯಿತೋ ಎಂದು ಹೆದರಿದ್ದೆ. ಸಂಜೆ ಅಪ್ಪ ಬೈಯಲಿಲ್ಲ. ಬಾಗಿದ ಪೆಡಲನ್ನು ನೆಟ್ಟಗೆ ಮಾಡುತ್ತ, “ನಾಳೆ ಬಿರ್ನೆ ಹೊಂಡು, ಮಗ” ಎಂದರು.

ಮರುದಿನ ಬೇಗ ಹೊರಟೆ. ಜಾಡನ್ನು ನೇರವಾಗಿ ದಾಟಿದೆ.