ಪಿಂಚಣಿ ಬಂತು, ಮನೆ ಹೋಯಿತು

ನಿವೃತ್ತಿಯ ತಾರೀಖು ಲೆಕ್ಕ ಹಾಕುವುದರಲ್ಲಿ ನಮ್ಮ ಜನ ಬಲು ಚುರುಕು. ರಾಜ್ಯ ಸರ್ಕಾರಿ ನೌಕರರಿಗೆ 60 ತುಂಬಿದ ತಿಂಗಳ ಕೊನೆಯ ದಿನ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಜೂನ್ 1 ಅಂತ ಬರೆದುಬಿಟ್ಟಿದ್ದರೆ ಮೇ 31ಕ್ಕೇ ಹಾರ ತುರಾಯಿ. ಗ್ರಾಚ್ಯುಟಿ ಎಷ್ಟು, ಕಮ್ಯುಟೇಶನ್ ಎಷ್ಟು, ಗಳಿಕೆ ರಜೆಯ ದುಡ್ಡೆಷ್ಟು, ಎರಡು ವರ್ಷ ಮೊದಲೇ ಸ್ವಯಂ ನಿವೃತ್ತಿ ತಗೊಂಡರೆ ನಷ್ಟವೆಷ್ಟು, ಎಲ್ಲ ಬಾಯಿಪಾಠ. ಅದೇ ವರ್ಷ ಮನೆಯನ್ನು ಮಗನ ಹೆಸರಿಗೆ ಬರೆದುಕೊಡುವಾಗ ಮಾತ್ರ ಪತ್ರವನ್ನು ಪೂರ್ತಿ ಓದಿ ಸಹಿ ಹಾಕಿದವರನ್ನು ನಾನು ಕಂಡದ್ದು ಕಡಿಮೆ.

ಇಂಥವರು ನಮ್ಮ ವಕೀಲರ ಆಫೀಸಿಗೆ ಬರುವುದು ಮೂರು ನಾಲ್ಕು ವರ್ಷ ಕಳೆದ ಮೇಲೆ. ಮೇಷ್ಟ್ರಾಗಿದ್ದವರು, ಬಸ್ ಕಂಡಕ್ಟರ್ ಆಗಿದ್ದವರು, ಬ್ಯಾಂಕಿನಲ್ಲಿ ಕ್ಯಾಷಿಯರ್ ಆಗಿದ್ದವರು. ಕೈಯಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ನೋಂದಣಿಯಾದ ದಾನಪತ್ರ. ಮನೆ ಕಟ್ಟಿದವರು ಹಿಂದಿನ ಕೋಣೆಯಲ್ಲಿರುತ್ತಾರೆ, ಇಲ್ಲವೇ ಮಗಳ ಮನೆಯಲ್ಲಿ. ಕೇಳುವ ಪ್ರಶ್ನೆ ಒಂದೇ: "ಇದನ್ನ ವಾಪಸ್ ತಗೋಬಹುದಾ ಸಾರ್?"

ಪತ್ರ ತೆಗೆದು ನೋಡಿದರೆ ಅದೇ ಹಳೆಯ ಒಕ್ಕಣೆ. "ಪ್ರೀತಿ ವಿಶ್ವಾಸದಿಂದ, ಯಾವುದೇ ಷರತ್ತಿಲ್ಲದೆ, ಈ ದಿನವೇ ನಿಮ್ಮ ಸ್ವಾಧೀನಕ್ಕೆ ಕೊಟ್ಟಿರುತ್ತೇನೆ, ಇನ್ನು ಮುಂದೆ ಸದರಿ ಸ್ವತ್ತಿನಲ್ಲಿ ನನಗಾಗಲಿ ನನ್ನ ವಾರಸುದಾರರಿಗಾಗಲಿ ಯಾವುದೇ ಹಕ್ಕು ಇರುವುದಿಲ್ಲ." ಸಬ್‌ರಿಜಿಸ್ಟ್ರಾರ್ ಆಫೀಸಿನ ಎದುರಿನ ಕಂಪ್ಯೂಟರಿನಲ್ಲಿ ಈ ಮಾತು ಮೊದಲೇ ಟೈಪಾಗಿ ಕೂತಿರುತ್ತದೆ. ಬಾಂಡ್ ರೈಟರ್ ಬದಲಾಯಿಸುವುದು ಹೆಸರು, ಷೆಡ್ಯೂಲು, ಚಕ್ಕುಬಂದಿ ಅಷ್ಟೇ. ಒಂದು ಸಂಸಾರದ ಮುಂದಿನ ಇಪ್ಪತ್ತು ವರ್ಷ ಆ ಮೂರು ಸಾಲಿನ ಮೇಲೆ ನಿಂತಿದೆ ಎಂಬ ಪರಿವೆ ಅವನಿಗಿಲ್ಲ. ಒಳಗೆ ಕೂತ ಅಧಿಕಾರಿಗೂ ಇಲ್ಲ. ಹೆಬ್ಬೆಟ್ಟು, ಫೋಟೋ, ಮುಂದಿನವರು ಬನ್ನಿ.

"ಯಾವುದೇ ಷರತ್ತಿಲ್ಲದೆ" ಎಂಬ ಆ ಮಾತಿನಿಂದ ಏನಾಗುತ್ತದೆ ನೋಡಿ. ಪೋಷಕರ ಮತ್ತು ಹಿರಿಯ ನಾಗರಿಕರ ಪೋಷಣೆ ಹಾಗೂ ಕಲ್ಯಾಣಕ್ಕಾಗಿ 2007ರಲ್ಲಿ ಒಂದು ಕಾಯ್ದೆ ಬಂದಿದೆ. ಅದರ 23ನೇ ಸೆಕ್ಷನ್ ಹಿರಿಯರ ಕೈಯಲ್ಲಿರುವ ದೊಡ್ಡ ಅಸ್ತ್ರ. ಕಾಯ್ದೆ ಜಾರಿಯಾದ ಮೇಲೆ ಹಿರಿಯ ನಾಗರಿಕರು ತಮ್ಮ ಮೂಲ ಅಗತ್ಯಗಳನ್ನು ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟಿದ್ದು, ಪಡೆದವರು ಅದಕ್ಕೆ ತಪ್ಪಿದರೆ, ಆ ಪತ್ರವನ್ನು ಮೋಸದಿಂದಲೋ ಒತ್ತಡದಿಂದಲೋ ಆದದ್ದೆಂದು ಪರಿಗಣಿಸಿ ನ್ಯಾಯಮಂಡಳಿ ಅನೂರ್ಜಿತ ಎಂದು ಘೋಷಿಸಬಹುದು. ಸಿವಿಲ್ ಕೋರ್ಟಿನಲ್ಲಿ ವರ್ಷಗಟ್ಟಲೆ ಸವೆಯಬೇಕಿಲ್ಲ. ಆದರೆ ಇಡೀ ಸೆಕ್ಷನ್ ತೂಗುತ್ತಿರುವುದು ಷರತ್ತು ಎಂಬ ಒಂದೇ ಗೂಟಕ್ಕೆ. ಷರತ್ತು ಇತ್ತೆಂದು ಹೇಳಬೇಕು, ತೋರಿಸಲೂ ಬೇಕು ಎಂದು ಸುಪ್ರೀಂ ಕೋರ್ಟು 2022ರಲ್ಲಿ ಖಡಾಖಂಡಿತವಾಗಿ ಹೇಳಿತು. 2025ರ ಜನವರಿಯಲ್ಲಿ ಅದೇ ಕೋರ್ಟು, ಈ ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಅರ್ಥೈಸಬೇಕೆಂದು ಹೇಳಿ ತಾಯಿಗೆ ಆಸ್ತಿ ವಾಪಸ್ ಕೊಡಿಸಿತು. ಪತ್ರಿಕೆಯಲ್ಲಿ ಇದನ್ನೋದಿ ಧೈರ್ಯ ತಂದುಕೊಂಡವರು ಬಹಳ. ಆ ತಾಯಿಯ ಹತ್ತಿರ ದಾನಪತ್ರದ ದಿನವೇ ಮಗ ಬರೆದುಕೊಟ್ಟ ವಚನಪತ್ರ ಇತ್ತು ಎಂಬುದನ್ನು ಗಮನಿಸಿದವರು ಕಡಿಮೆ. ನಿಮ್ಮ ಹತ್ತಿರ ಏನಿದೆ?

ಹಾಗಾಗಿ ದಾನಪತ್ರ ಬರೆಯಲೇಬೇಕೆಂದಿದ್ದರೆ ಷರತ್ತು ಪತ್ರದೊಳಗೇ ಬರಲಿ. ಹೀಗೆ ಬರೆಸಿ: "ದಾನ ಪಡೆದ ನೀವು ನಮ್ಮಿಬ್ಬರ ಜೀವಮಾನ ಪರ್ಯಂತ ನಮಗೆ ಊಟ, ಬಟ್ಟೆ, ಇದೇ ಮನೆಯಲ್ಲಿ ವಸತಿ, ಔಷಧೋಪಚಾರ ಒದಗಿಸತಕ್ಕದ್ದು, ತಪ್ಪಿದಲ್ಲಿ ಈ ದಾನಪತ್ರ ರದ್ದಾಗತಕ್ಕದ್ದು." ಇದರ ಜೊತೆಗೆ, ನೀವು ಬದುಕಿರುವವರೆಗೆ ಮನೆಯಲ್ಲಿ ವಾಸಿಸುವ, ಬಾಡಿಗೆ ಬಂದರೆ ತೆಗೆದುಕೊಳ್ಳುವ ಹಕ್ಕನ್ನು ಉಳಿಸಿಕೊಳ್ಳಿ. ಸ್ವಾಧೀನ ಬಿಟ್ಟುಕೊಡದಿದ್ದರೆ ದಾನವೇ ಆಗದು ಎಂದು ಬಾಂಡ್ ರೈಟರ್ ತಲೆ ಅಲ್ಲಾಡಿಸುತ್ತಾನೆ. ನಂಬಬೇಡಿ. ನೋಂದಣಿಯಾದ ದಾನಕ್ಕೆ ಸ್ವಾಧೀನ ಕೊಡುವುದು ಅನಿವಾರ್ಯವಲ್ಲ, ಅನುಭೋಗದ ಹಕ್ಕನ್ನು ಉಳಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟು 2014ರಲ್ಲೇ ಹೇಳಿದೆ. (ಮುಸ್ಲಿಮರ ಹಿಬಾಕ್ಕೆ ನಿಯಮ ಬೇರೆ, ಅವರು ಬೇರೆಯಾಗಿಯೇ ಸಲಹೆ ಪಡೆಯಬೇಕು.)

ಇಷ್ಟಾದ ಮೇಲೂ ಒಂದು ದಿನ ಮಗ ಬಂದು ಹೇಳುತ್ತಾನೆ: "ಅಪ್ಪಾ, ಈ ಷರತ್ತಿದ್ರೆ ಬ್ಯಾಂಕಿನೋರು ಸಾಲ ಕೊಡಲ್ವಂತೆ. ತೆಗೆಸಿಬಿಡೋಣ." ಅವನು ಸುಳ್ಳು ಹೇಳುತ್ತಿಲ್ಲ. ಷರತ್ತು ಕಂಡರೆ ಬ್ಯಾಂಕಿನ ವಕೀಲರು ಹಿಂಜರಿಯುತ್ತಾರೆ, ಕೊಳ್ಳುವವನೂ ಹಿಂಜರಿಯುತ್ತಾನೆ. ಷರತ್ತು ಹಾಕಿದ್ದೇ ಅದಕ್ಕಲ್ಲವೇ? ಅವನು ಸಾಲ ಮಾಡಿ ಕಂತು ತಪ್ಪಿಸಿದರೆ ಬ್ಯಾಂಕು ಹರಾಜಿಗಿಡುವುದು ನಿಮ್ಮ ತಲೆ ಮೇಲಿನ ಸೂರನ್ನು. ತಿದ್ದುಪಡಿ ಪತ್ರಕ್ಕೂ ಹಕ್ಕು ಖುಲಾಸೆಗೂ ಸಹಿ ಹಾಕಬೇಡಿ.

ಅಸಲಿಗೆ ದಾನಪತ್ರವೇ ಏಕೆ? ಕುಟುಂಬದೊಳಗೆ ಮುದ್ರಾಂಕ ಶುಲ್ಕ ಕಡಿಮೆ, ಈಗಲೇ ಮುಗಿಸಿದರೆ ಒಳ್ಳೆಯದು ಎಂದು ಯಾರೋ ಬ್ರೋಕರ್ ಹೇಳಿರುತ್ತಾನೆ. ವಿಲ್‌ಗೆ ಮುದ್ರಾಂಕ ಶುಲ್ಕವೇ ಇಲ್ಲ, ನೋಂದಣಿಯೂ ಕಡ್ಡಾಯವಲ್ಲ (ಆದರೂ ಮಾಡಿಸಿ). ಬುದ್ಧಿ ಸ್ವಸ್ಥವಾಗಿರುವ ತನಕ ಎಷ್ಟು ಸಲ ಬೇಕಾದರೂ ಬದಲಾಯಿಸಬಹುದು. ಇಬ್ಬರು ಸಾಕ್ಷಿಗಳು ಸಾಕು. ಆಸ್ತಿ ಪಡೆಯುವ ಮಗನನ್ನೋ ಸೊಸೆಯನ್ನೋ ಸಾಕ್ಷಿ ಹಾಕಿಸಬೇಡಿ. ಪಿತ್ರಾರ್ಜಿತ ಆಸ್ತಿಯಾದರೆ ಇಡೀ ಸ್ವತ್ತನ್ನು ಒಬ್ಬ ಮಗನಿಗೆ ದಾನ ಮಾಡುವ ಅಧಿಕಾರವೇ ತಂದೆಗಿಲ್ಲ, ಹೆಣ್ಣುಮಕ್ಕಳಿಗೂ ಅದರಲ್ಲಿ ಪಾಲಿದೆ. ನಿವೃತ್ತಿಯ ದುಡ್ಡಿನ ವಿಷಯ ಒಂದೇ ಮಾತಿನಲ್ಲಿ: ಮಕ್ಕಳ ಸಾಲಕ್ಕೆ ಜಾಮೀನು ಬೇಡ, ಎಟಿಎಂ ಪಿನ್ ಯಾರಿಗೂ ಬೇಡ.

50, 52ಕ್ಕೇ ಸ್ವಯಂ ನಿವೃತ್ತಿ ಪಡೆದು ಊರಲ್ಲಿ ತೋಟ ನೋಡಿಕೊಂಡಿರುತ್ತೇವೆ ಅನ್ನುವವರಿಗೆ ಬೇರೆ ಎಚ್ಚರಿಕೆ. ಕಾಯ್ದೆಯ ಪ್ರಕಾರ ಹಿರಿಯ ನಾಗರಿಕರೆಂದರೆ 60 ತುಂಬಿದವರು. ತಂದೆತಾಯಿಗಳು ಜೀವನಾಂಶ ಕೇಳುವುದಕ್ಕೆ ವಯಸ್ಸಿನ ಅಡ್ಡಿಯಿಲ್ಲ. ಆದರೆ 23ನೇ ಸೆಕ್ಷನ್ ಮಾತಾಡುವುದು ಹಿರಿಯ ನಾಗರಿಕರು ಮಾಡಿದ ವರ್ಗಾವಣೆಯ ಬಗ್ಗೆ. 60ರೊಳಗೆ ಬರೆದುಕೊಟ್ಟರೆ ಎದುರು ಪಕ್ಷದ ವಕೀಲರಿಗೆ ನೀವೇ ಒಂದು ವಾದ ಬರೆದುಕೊಟ್ಟಂತೆ.

ಈಗಾಗಲೇ ಕೊಟ್ಟು ಕೆಟ್ಟಿದ್ದರೆ? ಮೊದಲ ಎಚ್ಚರಿಕೆ: "ರದ್ದು ಪತ್ರ ಮಾಡಿಸಿಕೊಡ್ತೀನಿ" ಅನ್ನುವವನ ಹತ್ತಿರ ಹೋಗಬೇಡಿ. ಕೊಟ್ಟ ದಾನವನ್ನು ಕೊಟ್ಟವರೇ ಏಕಪಕ್ಷೀಯವಾಗಿ ರದ್ದು ಮಾಡಿದರೆ ಅದು ನಿಲ್ಲುವುದಿಲ್ಲ. ಆ ದುಡ್ಡು ಹೋದಂತೆಯೇ. ಹೋಗಬೇಕಾದ್ದು ಉಪವಿಭಾಗಾಧಿಕಾರಿ ಕಚೇರಿಗೆ, ಜನ ಎ.ಸಿ. ಕೋರ್ಟು ಅನ್ನುವ ಕಡೆ. ನ್ಯಾಯಮಂಡಳಿಯ ಅಧ್ಯಕ್ಷರು ಅವರೇ. ನೀವಿರುವ ಜಿಲ್ಲೆಯಲ್ಲಾದರೂ ಸರಿ, ಮಗನಿರುವ ಜಿಲ್ಲೆಯಲ್ಲಾದರೂ ಸರಿ. ಬಿಳಿ ಹಾಳೆಯಲ್ಲಿ ನಿಮ್ಮ ಮಾತಿನಲ್ಲೇ ಬರೆಯಿರಿ: ಆಸ್ತಿ ಯಾವಾಗ ಕೊಟ್ಟಿರಿ, ಏನು ಮಾತಾಗಿತ್ತು, ಯಾವಾಗಿಂದ ನೋಡಿಕೊಳ್ಳುತ್ತಿಲ್ಲ. ದಾನಪತ್ರ, ವಯಸ್ಸಿನ ದಾಖಲೆ, ಆಸ್ಪತ್ರೆ ಬಿಲ್ಲು ಲಗತ್ತಿಸಿ. ಮಗ ಕಳಿಸಿದ ವಾಟ್ಸಾಪ್ ಮೆಸೇಜುಗಳನ್ನು ಅಳಿಸಬೇಡಿ; ಲಿಖಿತ ಷರತ್ತಿಲ್ಲದವರಿಗೆ ಕೆಲವೊಮ್ಮೆ ಅವೇ ಗತಿ. ಓಡಾಡಲಾಗದವರು ಬೇರೊಬ್ಬರಿಗೆ ಅಧಿಕಾರ ಕೊಟ್ಟು ಅರ್ಜಿ ಹಾಕಿಸಬಹುದು. ದಾರಿ ತಿಳಿಯದಿದ್ದರೆ ಹಿರಿಯರ ಸಹಾಯವಾಣಿ 14567.

ವಕೀಲರು ಬೇಡ ಎಂದು ಕಾಯ್ದೆಯ 17ನೇ ಸೆಕ್ಷನ್ನೇ ಹೇಳುತ್ತದೆ. ನನ್ನ ಹೊಟ್ಟೆಪಾಡಿಗೆ ವಿರುದ್ಧವಾದರೂ ಹೇಳಬೇಕಾದ ಮಾತು. ಕೆಲವು ಹೈಕೋರ್ಟುಗಳು ಆ ನಿರ್ಬಂಧವನ್ನು ಒಪ್ಪಿಲ್ಲ, ಎದುರು ಪಕ್ಷ ವಕೀಲರನ್ನು ಕರೆತಂದರೆ ಗಾಬರಿಯಾಗಬೇಡಿ. ಆಸ್ತಿಯ ಜೊತೆಗೆ ಜೀವನಾಂಶವನ್ನೂ ಕೇಳಿ. ಕಾಯ್ದೆಯ ಮಿತಿ ತಿಂಗಳಿಗೆ 10,000 ರೂಪಾಯಿ. ನೋಟಿಸು ತಲುಪಿ 90 ದಿನದೊಳಗೆ ಅರ್ಜಿ ಮುಗಿಯಬೇಕು, ಹೆಚ್ಚೆಂದರೆ ಇನ್ನೊಂದು 30 ದಿನ. ಇದು ಜೀವನಾಂಶಕ್ಕೆ ಕಾಯ್ದೆ ಹಾಕಿದ ಗಡುವು; ಕಚೇರಿಯಲ್ಲಿ ಸಿಗುವ ಉತ್ತರ "ಸಾಹೇಬ್ರು ಎಲೆಕ್ಷನ್ ಡ್ಯೂಟಿ ಮೇಲಿದಾರೆ." ಪ್ರತಿ ಸಲವೂ ಮುಂದಿನ ತಾರೀಖನ್ನು ಬರೆಸಿಕೊಂಡೇ ಹೊರಡಿ. ಆದೇಶ ನಿಮ್ಮ ವಿರುದ್ಧ ಬಂದರೆ 60 ದಿನದೊಳಗೆ ಜಿಲ್ಲಾಧಿಕಾರಿಗಳಿಗೆ ಮೇಲ್ಮನವಿ.

ಎರಡು ಕಡೆ ಈ ದಾರಿ ಕಡಿದಾಗುತ್ತದೆ. ಮಗ ಮನೆಯನ್ನು ಮೂರನೆಯವರಿಗೆ ಮಾರಿಬಿಟ್ಟಿದ್ದು, ಅವರು ಏನೂ ತಿಳಿಯದೆ ದುಡ್ಡು ಕೊಟ್ಟು ಕೊಂಡಿದ್ದರೆ, ಹೋರಾಟ ಉದ್ದವಾಗುತ್ತದೆ. ಇನ್ನೊಂದು, ಸೊಸೆಯ ವಿಷಯ. ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಡಿ ಗಂಡನ ಮನೆಯಲ್ಲಿರುವ ಅವಳ ಹಕ್ಕನ್ನು ಹಿರಿಯರ ಕಾಯ್ದೆ ತೋರಿಸಿ ಸುಮ್ಮನೆ ಕಿತ್ತುಹಾಕಲಾಗದು ಎಂದು ಸುಪ್ರೀಂ ಕೋರ್ಟು 2020ರಲ್ಲಿ ಬೆಂಗಳೂರಿನದೇ ಪ್ರಕರಣವೊಂದರಲ್ಲಿ ಹೇಳಿದೆ. ಸೊಸೆಯನ್ನು ಹೊರಗೆ ಹಾಕಿಸಲೆಂದೇ ಅಪ್ಪ ಅಮ್ಮನಿಂದ ಅರ್ಜಿ ಹಾಕಿಸುವ ಗಂಡುಮಕ್ಕಳಿದ್ದಾರೆ, ಅಧಿಕಾರಿಗಳಿಗೂ ಅದು ಗೊತ್ತು.

ಆದೇಶ ನಿಮ್ಮ ಕಡೆ ಆದರೂ ಅಲ್ಲಿಗೇ ನಿಲ್ಲಬೇಡಿ. ದೃಢೀಕೃತ ನಕಲು ಪಡೆದು ಸಬ್‌ರಿಜಿಸ್ಟ್ರಾರ್ ಆಫೀಸಿಗೂ, ಖಾತೆ ಬದಲಾಯಿಸಲು ಪಾಲಿಕೆಗೋ ಪಂಚಾಯಿತಿಗೋ ಅರ್ಜಿ ಕೊಡಿ. "ಮೇಲಿಂದ ಪತ್ರ ಬರಲಿ" ಅನ್ನುತ್ತಾರೆ. ಅರ್ಜಿಯ ಎರಡನೇ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡಿ. ತಿಂಗಳು ಬಿಟ್ಟು ಇ.ಸಿ. (ಋಣಭಾರ ಪ್ರಮಾಣಪತ್ರ) ತೆಗೆಸಿ, ಸ್ವತ್ತು ಯಾರ ಹೆಸರಲ್ಲಿದೆ ನೋಡಿ.