ಜರಿ ಸೀರೆ ಕೊಳ್ಳುವ ಮುನ್ನ

ಮದುವೆ ಸೀರೆಗೆಂದು ದೊಡ್ಡ ಮಳಿಗೆಗೆ ಹೊರಟಿದ್ದೀರಾ? ಎಷ್ಟು ಖರ್ಚು ಮಾಡುವಿರಿ ಎಂಬುದನ್ನು ಮೊದಲೇ ಬಾಯಿಬಿಡಬೇಡಿ. ಪಳಗಿದ ಮಾರಾಟಗಾರರು ಅದಕ್ಕಿಂತ ದುಬಾರಿಯದನ್ನೇ ಮೊದಲು ಬಿಡಿಸಿ ಹಾಸುತ್ತಾರೆ. ಆಮೇಲೆ ನೋಡಿದ್ದೆಲ್ಲ ಅಗ್ಗವೆನಿಸತೊಡಗುತ್ತದೆ.

ನಿಜವಾದ ಎಚ್ಚರ ಬೇಕಾದದ್ದು ಜರಿಯಲ್ಲಿ. ಸಿಲ್ಕ್ ಮಾರ್ಕ್ ಚೀಟಿ ಖಾತರಿ ಕೊಡುವುದು ರೇಷ್ಮೆಗೆ ಮಾತ್ರ, ಜರಿಗಲ್ಲ. ಇದು ಎಷ್ಟೋ ಮಂದಿಗೆ ಗೊತ್ತೇ ಇಲ್ಲ, ಅದೇ ನನಗೆ ಬೇಸರ. ಅಪ್ಪಟ ಜರಿಯೆಂದರೆ ರೇಷ್ಮೆ ಎಳೆಗೆ ಬೆಳ್ಳಿ ತಂತಿ ಸುತ್ತಿ, ಮೇಲೆ ಚಿನ್ನದ ಲೇಪ ಕೊಟ್ಟದ್ದು. ‘ಟೆಸ್ಟೆಡ್ ಜರಿ’ಯಲ್ಲಿ ಬೆಳ್ಳಿಯ ಜಾಗದಲ್ಲಿ ತಾಮ್ರ ಇರುತ್ತದೆ, ಕಾಲಕ್ರಮೇಣ ಕಪ್ಪಾಗುತ್ತದೆ. ಇನ್ನೂ ಅಗ್ಗದ್ದು ಬರೀ ಪ್ಲಾಸ್ಟಿಕ್. 1912ರಲ್ಲಿ ಶುರುವಾದ ಮೈಸೂರಿನ ರೇಷ್ಮೆ ಕಾರ್ಖಾನೆಯನ್ನು ಈಗ ನಡೆಸುತ್ತಿರುವ ರಾಜ್ಯ ಸರ್ಕಾರದ ನಿಗಮ ಕೆಎಸ್‌ಐಸಿಯ ಸೀರೆಗಳ ಜರಿಯಲ್ಲಿ ಶೇ 65 ಬೆಳ್ಳಿ, ಶೇ 0.65 ಚಿನ್ನ ಇರುತ್ತದೆ. ಪ್ರತಿ ಸೀರೆಗೂ ಅದರದೇ ಸಂಖ್ಯೆಯುಂಟು. ಬೇರೆ ಕಡೆ ಜರಿ ಯಾವುದೆಂದು ನೀವೇ ಬಾಯಿಬಿಟ್ಟು ಕೇಳಬೇಕು.

ಅಂಗಡಿಯ ದೀಪದಡಿ ಬಣ್ಣ ನಂಬಬೇಡಿ, ಬಾಗಿಲ ಬೆಳಕಿಗೆ ತಂದು ನೋಡಿ. ಕೊನೆಗೆ, ಬಿಲ್ಲಿನಲ್ಲಿ ‘ಅಪ್ಪಟ ಜರಿ’ ಎಂದು ಬರೆಸಿಕೊಳ್ಳಿ. ಬರೆದುಕೊಡಲು ಹಿಂದೆಮುಂದೆ ನೋಡಿದರೆ ಆ ಬೆಲೆ ಕೊಡಬೇಡಿ.